ಮಗಳ ಪೇ ಸ್ಲಿಪ್ಪಿನಲ್ಲಿರುವ ‘ಎಸ್’ ಅಕ್ಷರ: ಸ್ಕಾಟ್ಲೆಂಡ್ ಸರ್ಕಾರದ ಅಧಿಕಾರ ಎಷ್ಟು?

ಪ್ರಶ್ನೆ: ನನ್ನ ಮಗಳು ಎಡಿನ್‌ಬರೋದಲ್ಲಿ ಕೆಲಸದಲ್ಲಿದ್ದಾಳೆ. ವರ್ಷಕ್ಕೆ 50,000 ಪೌಂಡ್ ಸಂಬಳ. ಅಷ್ಟೇ ಸಂಬಳ ಪಡೆಯುವ ಅವಳ ಲಂಡನ್ ಗೆಳತಿಗಿಂತ ಇವಳು ಹೆಚ್ಚು ಆದಾಯ ತೆರಿಗೆ ಕಟ್ಟುತ್ತಾಳೆ. ಒಂದೇ ದೇಶದಲ್ಲಿ ಎರಡು ಬಗೆಯ ತೆರಿಗೆ ಹೇಗೆ ಸಾಧ್ಯ? ಸ್ಕಾಟ್ಲೆಂಡ್ ನಮ್ಮ ಕರ್ನಾಟಕದಂತೆ ಒಂದು ರಾಜ್ಯವೇ? ಹಾಗಿದ್ದರೆ ಅಲ್ಲಿನ ಸಂಸತ್ತು ಅಂಗೀಕರಿಸಿದ ಮಸೂದೆಯೊಂದನ್ನು ಲಂಡನ್ ತಡೆದದ್ದು ಯಾವ ಆಧಾರದ ಮೇಲೆ?
– ನಿವೃತ್ತ ಬ್ಯಾಂಕ್ ನೌಕರರು, ಹಾಸನ

ಉತ್ತರ: ನಿಮ್ಮ ಮಗಳ ಪೇ ಸ್ಲಿಪ್ಪಿನಲ್ಲಿ ತೆರಿಗೆ ಸಂಕೇತ ಬರೆದಿರುವ ಜಾಗವನ್ನು ನೋಡಲು ಹೇಳಿ. ಅಲ್ಲಿ ‘ಎಸ್1257ಎಲ್’ ಎಂದಿರುವ ಸಾಧ್ಯತೆಯೇ ಹೆಚ್ಚು; ಗೆಳತಿಯ ಚೀಟಿಯಲ್ಲಿ ಮೊದಲಿನ ‘ಎಸ್’ ಇರುವುದಿಲ್ಲ. ವರ್ಷಕ್ಕೆ 12,570 ಪೌಂಡ್‌ವರೆಗಿನ ಆದಾಯಕ್ಕೆ ತೆರಿಗೆಯಿಲ್ಲ ಎಂಬುದಕ್ಕೆ 1257 ಗುರುತು. ಈ ಮಿತಿಯನ್ನು ನಿಗದಿ ಮಾಡುವುದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸಂಸತ್ತು. ಅದಕ್ಕೂ ಮೇಲಿನ ಸಂಬಳಕ್ಕೆ ಯಾವ ಹಂತದಲ್ಲಿ ಯಾವ ದರ ಎಂಬುದನ್ನು ಎಡಿನ್‌ಬರೋದ ಹಾಲಿರೂಡ್‌ನಲ್ಲಿರುವ ಸ್ಕಾಟಿಷ್ ಸಂಸತ್ತು ತೀರ್ಮಾನಿಸುತ್ತದೆ ಎಂಬುದನ್ನು ‘ಎಸ್’ ಹೇಳುತ್ತದೆ. ವಸೂಲಿ ಮಾತ್ರ ಬ್ರಿಟನ್ ಸರ್ಕಾರದ ಕಂದಾಯ ಇಲಾಖೆಯದೇ. ಇದಕ್ಕೆ ಕಚೇರಿ ಎಲ್ಲಿದೆ ಎಂಬುದು ಮುಖ್ಯವಲ್ಲ, ಮನೆ ಎಲ್ಲಿದೆ ಎಂಬುದು ಮುಖ್ಯ.

2024–25ರ ದರಗಳಲ್ಲಿ ಲೆಕ್ಕ ಹಾಕಿದರೆ 50,000 ಪೌಂಡ್ ಸಂಬಳಕ್ಕೆ ಲಂಡನ್ನಿನಲ್ಲಿ 7,486 ಪೌಂಡ್, ಎಡಿನ್‌ಬರೋದಲ್ಲಿ ಸುಮಾರು 9,028 ಪೌಂಡ್ ತೆರಿಗೆ ಬರುತ್ತದೆ. ಇಂಗ್ಲೆಂಡಿನಲ್ಲಿ 20, 40, 45 ಎಂಬ ಮೂರು ದರಗಳಿದ್ದರೆ, ಸ್ಕಾಟ್ಲೆಂಡ್ ಶೇ 19ರಿಂದ 48ರವರೆಗೆ ಆರು ಹಂತಗಳನ್ನು ಮಾಡಿಕೊಂಡಿದ್ದು, ಶೇ 42ರ ದರ 43,662 ಪೌಂಡ್ ದಾಟುತ್ತಿದ್ದಂತೆಯೇ ಆರಂಭವಾಗುತ್ತದೆ. ನ್ಯಾಷನಲ್ ಇನ್ಶೂರೆನ್ಸ್ ವಂತಿಗೆ ಮಾತ್ರ ಲಂಡನ್ನಿನ ಕೈಯಲ್ಲೇ ಉಳಿದಿದೆ. ಅದು ಶೇ 8ರಿಂದ ಶೇ 2ಕ್ಕೆ ಇಳಿಯುವುದು ಸಂಬಳ 50,270 ಪೌಂಡ್ ದಾಟಿದ ಮೇಲೆ. ಹಾಗಾಗಿ ಈ ಎರಡು ಗಡಿಗಳ ನಡುವೆ ಸಿಕ್ಕಿಕೊಂಡ ನಿಮ್ಮ ಮಗಳಿಗೆ ಸಂಬಳ ನೂರು ಪೌಂಡ್ ಏರಿದರೆ ಕೈಗೆ ಸಿಗುವುದು ಐವತ್ತೇ. ಎರಡು ಸರ್ಕಾರಗಳು ತಂತಮ್ಮ ಗೆರೆಗಳನ್ನು ಬೇರೆ ಬೇರೆ ಕಡೆ ಎಳೆದದ್ದರ ಫಲ ಇದು.

ಹೆಚ್ಚುವರಿಯಾಗಿ ಬಂದ ಹಣವೆಲ್ಲ ಸ್ಕಾಟ್ಲೆಂಡಿಗೆ ಲಾಭವೆಂದು ತಿಳಿಯಬೇಡಿ. ಎಡಿನ್‌ಬರೋ ಸರ್ಕಾರಕ್ಕೆ ಲಂಡನ್ ಪ್ರತಿವರ್ಷ ಅನುದಾನ ಕೊಡುತ್ತದೆ. ಹಣಕಾಸು ಖಾತೆಯ ಸಚಿವರಾಗಿದ್ದ ಜೋಯಲ್ ಬಾರ್ನೆಟ್ ಅವರ ಹೆಸರಿನಲ್ಲಿ 1970ರ ದಶಕದ ಕೊನೆಯಿಂದ ನಡೆದು ಬಂದಿರುವ ಸೂತ್ರದಂತೆ, ಇಂಗ್ಲೆಂಡಿನ ಆರೋಗ್ಯ, ಶಿಕ್ಷಣಗಳಂಥ ಬಾಬತ್ತುಗಳಿಗೆ ಖರ್ಚು ಹೆಚ್ಚಿದಾಗ ಜನಸಂಖ್ಯೆಯ ಪ್ರಮಾಣಕ್ಕೆ ತಕ್ಕ ಪಾಲು, ಅಂದರೆ ಹತ್ತರಲ್ಲಿ ಒಂದಕ್ಕಿಂತ ತುಸು ಕಡಿಮೆ, ಸ್ಕಾಟ್ಲೆಂಡಿಗೆ ಸೇರುತ್ತದೆ. ಅದನ್ನು ಇಂಥದ್ದಕ್ಕೇ ಖರ್ಚು ಮಾಡಬೇಕೆಂಬ ಕಟ್ಟುಪಾಡಿಲ್ಲ. ಆದಾಯ ತೆರಿಗೆ ಎಡಿನ್‌ಬರೋದ ಬೊಕ್ಕಸಕ್ಕೆ ಸೇರತೊಡಗಿದ ಮೇಲೆ ಅದಕ್ಕೆ ಪ್ರತಿಯಾಗಿ ಈ ಅನುದಾನದಲ್ಲಿ ಒಂದು ಮೊತ್ತವನ್ನು ಮುರಿದುಕೊಳ್ಳುತ್ತಾರೆ. ಬ್ರಿಟನ್ನಿನ ಉಳಿದ ಭಾಗಕ್ಕಿಂತ ಸ್ಕಾಟ್ಲೆಂಡಿನಲ್ಲಿ ತಲಾ ತೆರಿಗೆ ವೇಗವಾಗಿ ಬೆಳೆದರೆ ಮಾತ್ರ ಎಡಿನ್‌ಬರೋಗೆ ಮಿಗುತ್ತದೆ. ಇಲ್ಲವಾದರೆ ಜನರಿಂದ ಹೆಚ್ಚು ದರದಲ್ಲಿ ವಸೂಲು ಮಾಡಿಯೂ ಖಜಾನೆಗೆ ನಿರೀಕ್ಷಿಸಿದಷ್ಟು ಉಳಿಯುವುದಿಲ್ಲ.

ಕರ್ನಾಟಕಕ್ಕೂ ಸ್ಕಾಟ್ಲೆಂಡಿಗೂ ಇರುವ ವ್ಯತ್ಯಾಸ ಮೂಲದ್ದು. 1997ರ ಸೆಪ್ಟೆಂಬರ್ 11ರ ಜನಮತಗಣನೆಯಲ್ಲಿ ಶೇ 74.3ರಷ್ಟು ಮತದಾರರು ಪ್ರತ್ಯೇಕ ಸಂಸತ್ತು ಬೇಕೆಂದರು. ಮರುವರ್ಷ ವೆಸ್ಟ್‌ಮಿನ್‌ಸ್ಟರ್ ಸ್ಕಾಟ್ಲೆಂಡ್ ಕಾಯ್ದೆಯನ್ನು ಮಾಡಿತು. 1999ರಲ್ಲಿ 129 ಸದಸ್ಯರ ಸಂಸತ್ತು ಕೆಲಸ ಆರಂಭಿಸಿತು. ರಕ್ಷಣೆ, ವಿದೇಶಾಂಗ, ವಲಸೆ ಮುಂತಾಗಿ ಲಂಡನ್ ತನಗೆ ಕಾಯ್ದಿರಿಸಿಕೊಂಡ ವಿಷಯಗಳನ್ನು ಆ ಕಾಯ್ದೆಯ ಐದನೇ ಅನುಸೂಚಿ ಪಟ್ಟಿ ಮಾಡುತ್ತದೆ. ಪಟ್ಟಿಯಲ್ಲಿಲ್ಲದ ವಿಷಯಗಳಲ್ಲಿ ಶಾಸನ ಮಾಡಲು ಎಡಿನ್‌ಬರೋಗೆ ಅವಕಾಶವಿದೆ. ನಮ್ಮಲ್ಲಿ ಮೂರೂ ಪಟ್ಟಿಗಳಲ್ಲಿಲ್ಲದ ವಿಷಯ ಕೇಂದ್ರಕ್ಕೆ ಸೇರುವುದರಿಂದ, ಮೇಲುನೋಟಕ್ಕೆ ಸ್ಕಾಟ್ಲೆಂಡ್ ಕರ್ನಾಟಕಕ್ಕಿಂತ ಭಾಗ್ಯಶಾಲಿ ಎನಿಸಬಹುದು.

ಆದರೆ ಅದೇ ಕಾಯ್ದೆಯ 28ನೇ ಕಲಮಿನ ಏಳನೇ ಉಪಕಲಮು, ಸ್ಕಾಟ್ಲೆಂಡಿಗಾಗಿ ಕಾನೂನು ಮಾಡುವ ಬ್ರಿಟಿಷ್ ಸಂಸತ್ತಿನ ಅಧಿಕಾರಕ್ಕೆ ಇದರಿಂದ ಯಾವ ಬಾಧೆಯೂ ಇಲ್ಲ ಎನ್ನುತ್ತದೆ. ಕೊಟ್ಟವರು ಕೊಟ್ಟ ಮೇಲೂ ಪೂರ್ತಿ ಉಳಿಸಿಕೊಂಡ ಅಧಿಕಾರವಿದು. ನಮ್ಮ ಏಳನೇ ಅನುಸೂಚಿಯ ಪಟ್ಟಿಗಳನ್ನು ತಿದ್ದಬೇಕಾದರೆ ಸಂಸತ್ತಿನ ವಿಶೇಷ ಬಹುಮತದ ಜೊತೆಗೆ ಅರ್ಧದಷ್ಟು ರಾಜ್ಯಗಳ ಒಪ್ಪಿಗೆಯೂ ಬೇಕು. ಲಂಡನ್ನಿಗೆ ಸಾಮಾನ್ಯ ಕಾಯ್ದೆಯೊಂದು ಸಾಕು. ಎಡಿನ್‌ಬರೋದ ಒಪ್ಪಿಗೆಯಿಲ್ಲದೆ ಅದಕ್ಕೆ ಬಿಟ್ಟುಕೊಟ್ಟ ವಿಷಯಗಳಲ್ಲಿ ‘ಸಾಮಾನ್ಯವಾಗಿ’ ಶಾಸನ ಮಾಡುವುದಿಲ್ಲ ಎಂಬ ಸಂಪ್ರದಾಯವೊಂದಿದ್ದು, ಅದನ್ನು 2016ರಲ್ಲಿ ಕಾಯ್ದೆಗೂ ಸೇರಿಸಿದರು. ಮರುವರ್ಷವೇ ಬ್ರಿಟನ್ನಿನ ಸುಪ್ರೀಂ ಕೋರ್ಟ್, ಇದು ರಾಜಕೀಯ ಸಂಪ್ರದಾಯವೇ ಹೊರತು ನ್ಯಾಯಾಲಯ ಜಾರಿಗೊಳಿಸಬಹುದಾದ ನಿಯಮವಲ್ಲ ಎಂದಿತು. 2018ರಲ್ಲಿ ಬ್ರೆಕ್ಸಿಟ್‌ಗೆ ಸಂಬಂಧಿಸಿದ ಮಸೂದೆಗೆ ಹಾಲಿರೂಡ್ ಒಪ್ಪಿಗೆ ನಿರಾಕರಿಸಿತು, ವೆಸ್ಟ್‌ಮಿನ್‌ಸ್ಟರ್ ಅದನ್ನು ಅಂಗೀಕರಿಸಿಯೇಬಿಟ್ಟಿತು. ನನ್ನ ದೃಷ್ಟಿಯಲ್ಲಿ ಆ ‘ಸಾಮಾನ್ಯವಾಗಿ’ ಎಂಬ ಪದದಷ್ಟು ದುಬಾರಿಯಾದ ಪದ ಆ ಕಾಯ್ದೆಯಲ್ಲಿ ಇನ್ನೊಂದಿಲ್ಲ.

ನೀವು ಓದಿರುವುದು ಲಿಂಗತ್ವದ ಕಾನೂನು ಮಾನ್ಯತೆಯನ್ನು ಸುಲಭಗೊಳಿಸುವ ಮಸೂದೆಯ ಸುದ್ದಿಯಿರಬೇಕು. 2022ರ ಡಿಸೆಂಬರ್ 22ರಂದು ಅದು 86–39 ಮತಗಳಿಂದ ಅಂಗೀಕಾರವಾಯಿತು. ಸ್ಕಾಟ್ಲೆಂಡಿನಲ್ಲಿ ರಾಜ್ಯಪಾಲರಂಥ ಹುದ್ದೆಯಿಲ್ಲ. ಸಭಾಧ್ಯಕ್ಷರು ಮಸೂದೆಯನ್ನು ರಾಜರ ಅಂಕಿತಕ್ಕೆ ಕಳುಹಿಸುವ ಮುನ್ನ ನಾಲ್ಕು ವಾರಗಳ ಕಾಲಾವಕಾಶವಿರುತ್ತದೆ. ಆ ಅವಧಿಯಲ್ಲಿ ಮಸೂದೆ ಸಂಸತ್ತಿನ ಅಧಿಕಾರವ್ಯಾಪ್ತಿ ಮೀರಿದೆಯೇ ಎಂದು ಸುಪ್ರೀಂ ಕೋರ್ಟನ್ನು ಕೇಳಬಹುದು. ಇಲ್ಲವೇ, ಕಾಯ್ದಿರಿಸಿದ ವಿಷಯಗಳ ಕಾನೂನಿಗೆ ಅದರಿಂದ ಧಕ್ಕೆಯಾಗುತ್ತದೆಂದು ನಂಬಲು ಸಕಾರಣವಿದ್ದರೆ ಲಂಡನ್ನಿನ ಸಚಿವರು 35ನೇ ಕಲಮಿನಡಿ ತಡೆಯಾಜ್ಞೆ ಹೊರಡಿಸಬಹುದು. 2023ರ ಜನವರಿಯಲ್ಲಿ ಆ ಕಲಮನ್ನು ಮೊತ್ತಮೊದಲ ಬಾರಿಗೆ ಬಳಸಲಾಯಿತು. ಇಡೀ ಬ್ರಿಟನ್ನಿಗೆ ಅನ್ವಯಿಸುವ 2010ರ ಸಮಾನತಾ ಕಾಯ್ದೆಯ ಮೇಲಾಗುವ ಪರಿಣಾಮವನ್ನು ಕಾರಣವಾಗಿ ಕೊಟ್ಟರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಎಡಿನ್‌ಬರೋದ ನ್ಯಾಯಾಲಯ ಆ ಆಜ್ಞೆಯನ್ನು ಎತ್ತಿಹಿಡಿಯಿತು, ಸ್ಕಾಟ್ಲೆಂಡ್ ಸರ್ಕಾರ ಮೇಲ್ಮನವಿ ಹಾಕಲಿಲ್ಲ.

ಕೊನೆಯದಾಗಿ, ನೀವು ಕೇಳದ ಒಂದು ಮಾತು. ನಿಮ್ಮ ಮಗಳು ಭಾರತದ ಪೌರತ್ವ ಉಳಿಸಿಕೊಂಡಿದ್ದರೂ, ಕಾಮನ್‌ವೆಲ್ತ್ ದೇಶದ ಪ್ರಜೆಯಾಗಿ ಅಲ್ಲಿ ಕಾನೂನುಬದ್ಧವಾಗಿ ನೆಲೆಸಿರುವುದರಿಂದ, ದರ ಹಾಕುವ ಹಾಲಿರೂಡ್‌ಗೂ ವಿನಾಯಿತಿಯ ಮಿತಿ ಹಾಕುವ ವೆಸ್ಟ್‌ಮಿನ್‌ಸ್ಟರಿಗೂ ಮತ ಹಾಕಬಹುದು. ಸ್ಥಳೀಯ ಮತದಾರರ ನೋಂದಣಿ ಅಧಿಕಾರಿಯಲ್ಲಿ ಅವಳ ಹೆಸರು ದಾಖಲಾಗಿದೆಯೇ ಎಂದು ಒಮ್ಮೆ ವಿಚಾರಿಸಿ.