ಗೊರಕೆಗೆ ಆಪರೇಷನ್ನಾ? ಮೊದ್ಲು ಜಾಗ ಗೊತ್ತಾಗ್ಲಿ

ಪ್ರಶ್ನೆ: ನಮ್ಮನೆಯವ್ರಿಗೆ 46, ಲೋಕಲ್ ಟ್ರೈನ್‌ನಲ್ಲಿ ನಿಂತ್ಕೊಂಡೇ ತೂಕಡಿಸ್ತಾರೆ, ರಾತ್ರಿ ಗೊರಕೆ ಮಧ್ಯೆ ಉಸಿರೇ ನಿಂತ್ಹೋಗತ್ತೆ. ಸ್ಲೀಪ್ ಟೆಸ್ಟ್‌ನಲ್ಲಿ ಎಎಚ್‌ಐ 34. ಉಸಿರಿನ ದಾರಿ ಮುಚ್ಚದ ಹಾಗೆ ಗಾಳಿ ಒತ್ತೋ ಸಿಪ್ಯಾಪ್ ಮಷಿನ್ನಿನ ಮಾಸ್ಕ್ ಕಿತ್ತಾಕ್ತಾರೆ. ಆಪರೇಷನ್ ಮಾಡಿಸಿದ್ರೆ ಪೂರ್ತಿ ಹೋಗತ್ತಾ ಡಾಕ್ಟ್ರೇ?
- ಓದುಗರು, ಡೊಂಬಿವಲಿ

ಉತ್ತರ: ನೋಡಿಯಮ್ಮಾ, 34 ಅಂದ್ರೆ ಗಂಟೆಗೆ ಸರಾಸರಿ 34 ಸಲ ಉಸಿರು ನಿಲ್ಲತ್ತೆ ಇಲ್ಲಾ ಕಮ್ಮಿಯಾಗತ್ತೆ, 30 ದಾಟಿದ್ರೆ ತೀವ್ರ ಅಂತ್ಲೇ ಲೆಕ್ಕ. ಮಾಸ್ಕ್ ಸೈಜ್ ಬದಲಾಯಿಸಿ ನೋಡಿದ್ರಾ? ಎಷ್ಟೋ ಜನ ಅದನ್ನೇ ಮಾಡಿರಲ್ಲ.

ಆದ್ರೂ ಆಗ್ಲಿಲ್ಲ ಅಂದ್ರೆ ಇಎನ್‌ಟಿಯವ್ರು ಔಷಧಿ ಕೊಟ್ಟು ಮಲಗ್ಸಿ, ಮೂಗಿನಿಂದ ಸ್ಕೋಪ್ ಬಿಟ್ಟು, ಉಸಿರಿನ ದಾರಿ ಎಲ್ಲಿ ಕುಸೀತಿದೆ, ಬಾಯಿಯ ಅಂಗಳಿನಲ್ಲಾ, ನಾಲಿಗೆ ಬುಡದಲ್ಲಾ, ಗಂಟಲಿನ ಪಕ್ಕದ ಗೋಡೇಲಾ ಅಂತ ನೋಡ್ತಾರೆ. ಟಾನ್ಸಿಲ್ ದೊಡ್ಡದಿದ್ರೆ ಅದನ್ನ ತೆಗ್ದು ಮೆದು ಅಂಗಳು ಬಿಗಿ ಮಾಡೋದ್ರಿಂದ ಒಳ್ಳೇ ಫಲ ಸಿಗ್ಬಹುದು, ಆದ್ರೆ ನಾಲಿಗೆ ಬುಡ ಹಿಂದಕ್ಕೆ ಬೀಳ್ತಿದ್ರೆ ಅಂಗಳು ಮಾತ್ರ ಕತ್ತರಿಸಿ ಏನುಪಯೋಗ, ನಲ್ಲಿ ಕೆಟ್ರೆ ಟ್ಯಾಂಕ್ ತೊಳೆದಂಗೆ! ಎರಡೂ ದವಡೆ ಸುಮಾರು 10 ಮಿಲಿಮೀಟರ್ ಮುಂದಕ್ಕೆ ತರೋ ಸರ್ಜರಿ ಫಲ ಚೆನ್ನಾಗಿದೆ, ಆದ್ರೆ ದೊಡ್ಡ ಆಪರೇಷನ್, ವಾರಗಟ್ಲೆ ಗಂಜಿನೇ ಗತಿ.

ಪೂರ್ತಿ ಹೋಗತ್ತೆ ಅಂತ ಗ್ಯಾರಂಟಿ ಕೊಡೋರನ್ನ ನಂಬ್ಬೇಡಿ. ಗೊರಕೆ ನಿಂತ್ರೂ ಉಸಿರು ನಿಲ್ಲೋದು ಮುಂದುವರೀಬಹುದು, ಹಾಗಾಗಿ ಕೆಲವು ತಿಂಗಳ ನಂತ್ರ ಸ್ಲೀಪ್ ಟೆಸ್ಟ್ ಮತ್ತೆ ಮಾಡಿಸ್ಲೇಬೇಕು.