ಕರೆಂಟು ಕೊಡಿಸಿಕೊಂಡವರ ಹತ್ತಿರ ಮಗುವನ್ನು ಬಿಡಬಹುದೇ?

ಪ್ರಶ್ನೆ: ನಮ್ಮ ಅವ್ವನಿಗೆ ಸ್ತನ ಕ್ಯಾನ್ಸರ್. ಶಸ್ತ್ರಚಿಕಿತ್ಸೆಯ ನಂತರ ಬೆಳಗಾವಿಯಲ್ಲಿ ಕರೆಂಟು, ಅಂದರೆ ರೇಡಿಯೇಷನ್ ಚಿಕಿತ್ಸೆ, ಕೊಡಿಸುತ್ತಿದ್ದೇವೆ. ಮೈಯೆಲ್ಲ ರೇಡಿಯೋಆಕ್ಟಿವ್ ಆಗಿರುತ್ತದೆ, ಮಗುವನ್ನು ಹತ್ತಿರ ಬಿಡಬೇಡಿ ಎಂದು ನೆರೆಯವರು ಹೇಳುತ್ತಾರೆ. ಅವ್ವ ಪಡಸಾಲೆಯಲ್ಲಿ ಒಬ್ಬಳೇ ಮಲಗುತ್ತಾಳೆ. ರೇಡಿಯೇಷನ್, ರೇಡಿಯೋಆಕ್ಟಿವಿಟಿ ಎರಡೂ ಒಂದೇ ಅಲ್ಲವೇ?
– ಓದುಗರೊಬ್ಬರು, ಮುಧೋಳ

ಉತ್ತರ: ಒಂದೇ ಅಲ್ಲ. ಇಂದು ರಾತ್ರಿಯೇ ಅವ್ವನ ಹಾಸಿಗೆಯನ್ನು ಒಳಗೆ ಹಾಕಿ.

ರೇಡಿಯೇಷನ್ ಎಂದರೆ ವಿಕಿರಣ, ಹೊರಟು ಬರುವ ಕಿರಣ. ರೇಡಿಯೋಆಕ್ಟಿವಿಟಿ ಎಂದರೆ ವಿಕಿರಣಶೀಲತೆ, ಅಂದರೆ ಕೆಲವು ಪರಮಾಣುಗಳ ಅಸ್ಥಿರ ನ್ಯೂಕ್ಲಿಯಸ್ ತಾನಾಗಿಯೇ ಕ್ಷಯಿಸುತ್ತ ಕಿರಣ ಸೂಸುವ ಗುಣ. ಈ ಗುಣವಿಲ್ಲದೆಯೂ ಕಿರಣ ಹುಟ್ಟಬಲ್ಲದು. 1895ರಲ್ಲಿ ಜರ್ಮನಿಯ ವಿಜ್ಞಾನಿ ರಾಂಟ್ಜೆನ್ ಎಕ್ಸ್-ಕಿರಣ ಕಂಡದ್ದು ವಿದ್ಯುತ್ ಹರಿಸಿದ ಗಾಜಿನ ಕೊಳವೆಯಿಂದ. ಅದರಲ್ಲಿ ವಿಕಿರಣಶೀಲ ವಸ್ತುವೇ ಇರಲಿಲ್ಲ. ಯುರೇನಿಯಂ ತಾನಾಗಿ ಕಿರಣ ಸೂಸುವುದನ್ನು ಫ್ರಾನ್ಸಿನ ವಿಜ್ಞಾನಿ ಬೆಕರೆಲ್ ಗಮನಿಸಿದ್ದು ಮರುವರ್ಷ.

ಕ್ಯಾನ್ಸರಿಗೆ ಹೊರಗಿನಿಂದ ಕಿರಣ ಬಿಡುವ ಲೀನಿಯರ್ ಆಕ್ಸಲರೇಟರ್ ಯಂತ್ರವೂ ವೇಗದ ಎಲೆಕ್ಟ್ರಾನುಗಳನ್ನು ಲೋಹಕ್ಕೆ ಬಡಿಸಿ ಎಕ್ಸ್-ಕಿರಣ ಹುಟ್ಟಿಸುತ್ತದೆ. ಯಂತ್ರ ನಿಂತರೆ ಕಿರಣವೂ ನಿಂತಿತು. ಹಳೆಯ ಕೋಬಾಲ್ಟ್ ಯಂತ್ರದೊಳಗೆ ವಿಕಿರಣಶೀಲ ಕೋಬಾಲ್ಟ್-60 ಇರುವುದು ನಿಜ, ಆದರೆ ರೋಗಿಯನ್ನು ಮುಟ್ಟುವುದು ಅದರ ಗಾಮಾ ಕಿರಣವೇ ಹೊರತು ಕೋಬಾಲ್ಟ್ ಅಲ್ಲ. ಕಣದಲ್ಲಿ ದಿನವಿಡೀ ಬಿಸಿಲು ಕುಡಿದ ಜೋಳ ರಾತ್ರಿ ಬೆಳಕು ಚೆಲ್ಲುತ್ತದೆಯೇ? ಬಾಗಲಕೋಟೆಯಲ್ಲಿ ಭೌತಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು ನಾನು. ಇಂಥ ರೋಗಿಗಳಿಗೆ ತಟ್ಟೆ, ಲೋಟ ಬೇರೆ ಇಟ್ಟ ಮನೆಗಳನ್ನು ಕಂಡಿದ್ದೇನೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆದರೆ ನೆರೆಯವರ ಮಾತು ಕೆಲವು ಚಿಕಿತ್ಸೆಗಳಿಗೆ ಹೊಂದುತ್ತದೆ. ಥೈರಾಯ್ಡ್ ಕ್ಯಾನ್ಸರಿಗೆ ಕುಡಿಸುವ ಅಥವಾ ನುಂಗಿಸುವ ಅಯೋಡಿನ್-131 ವಿಕಿರಣಶೀಲ ವಸ್ತು. ಅದರ ಅರ್ಧಾಯುಷ್ಯ, ಅಂದರೆ ವಿಕಿರಣಶೀಲತೆ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ, ಸುಮಾರು 8 ದಿನ. ಅದು ಮೈಯೊಳಗೇ ಕುಳಿತು ಕಿರಣ ಸೂಸುವುದರಿಂದ ಆ ರೋಗಿಗಳು ಕೆಲವು ದಿನ ಮಕ್ಕಳಿಂದ, ಗರ್ಭಿಣಿಯರಿಂದ ದೂರವಿರಲೇಬೇಕು. ಮೂಳೆಯ ಸ್ಕ್ಯಾನಿಗೆ ಚುಚ್ಚುವ ಟೆಕ್ನೀಷಿಯಂ-99ಎಂನ ಅರ್ಧಾಯುಷ್ಯ ಸುಮಾರು 6 ಗಂಟೆ. ನಿಮ್ಮ ಅವ್ವನಿಗೆ ಅಂಥ ಸ್ಕ್ಯಾನ್ ಮಾಡಿಸಿದರೆ ಆ ದಿನದ ಮಟ್ಟಿಗೆ ಮಗುವನ್ನು ಎತ್ತಿಕೊಳ್ಳದಿದ್ದರೆ ಒಳ್ಳೆಯದು. ಹಾಗಾಗಿ ವೈದ್ಯರನ್ನು ಹೀಗೆ ಕೇಳಿ: ಕಿರಣ ಹೊರಗಿನಿಂದ ಬಿಡುತ್ತೀರೋ, ಮೈಯೊಳಗೆ ಏನಾದರೂ ಇಡುತ್ತೀರೋ, ಕುಡಿಸುತ್ತೀರೋ? ಹೊರಗಿನಿಂದಲೇ ಎಂದರೆ ಮೊಮ್ಮಗು ಅಜ್ಜಿಯ ಮಗ್ಗುಲಲ್ಲೇ ಮಲಗಲಿ.

ಕಿರಣ ಬಿದ್ದ ಕಡೆ ಚರ್ಮ ಕೆಂಪಾಗಿ ಉರಿಯಬಹುದು. ಮಗುವಿನ ಕಾಲು ಅಲ್ಲಿಗೆ ತಾಗದಂತೆ ನೋಡಿಕೊಳ್ಳಿ. ಸಡಿಲವಾದ ಹತ್ತಿಯ ಕುಪ್ಪಸ ತೊಡಿಸಿ.