ಅಮೆರಿಕದ ಮೂಲನಿವಾಸಿ ನವಾಹೋ ಜನರ ನಾಲ್ಕು ಹಂತಗಳಿಂದ ಕಾಲೇಜು ಓದಿಗೆ ಟೈಮ್‌ಟೇಬಲ್ ಮಾಡಿಕೊಳ್ಳಬಹುದಾ? ಮಾರ್ಕ್ಸ್ ಜಾಸ್ತಿ ಆಗುತ್ತಾ?

ಯೋಚಿಸು, ಯೋಜಿಸು, ಬಾಳು, ಹಿಂತಿರುಗಿ ನೋಡು. ಇಷ್ಟನ್ನು ನಾಲ್ಕು ಕಾಲಂ ಮಾಡಿಕೊಳ್ಳೋಣ ಅಂತ ತಾನೇ ನಿಮ್ಮ ಯೋಚನೆ? ಆ ಹಾಳೆಯನ್ನು ನಾನೂ ಮಾಡಿದ್ದೆ. ಅದನ್ನು ಮುಂದಿಟ್ಟುಕೊಂಡೇ ಒಬ್ಬ ಹುಡುಗನನ್ನು ಕಳೆದುಕೊಂಡೆ.

ನಾನು ಎಂಎಸ್ ಮಾಡಿದ್ದು ಅರಿಜೋನಾದ ಫ್ಲಾಗ್‌ಸ್ಟಾಫ್‌ನಲ್ಲಿ. ಊರಿನ ನೆತ್ತಿಯ ಮೇಲೇ ಸ್ಯಾನ್ ಫ್ರಾನ್ಸಿಸ್ಕೊ ಶಿಖರಗಳು. ನವಾಹೋಗಳು ತಮ್ಮನ್ನು ದಿನೆ ಅಂತ ಕರೆದುಕೊಳ್ಳುತ್ತಾರೆ. ಅವರ ನಾಲ್ಕು ಪವಿತ್ರ ಬೆಟ್ಟಗಳಲ್ಲಿ ಪಶ್ಚಿಮದ್ದು ಇದು. ಕೈಖರ್ಚಿಗಾಗಲಿ ಅಂತ ಸಂಜೆ ಮೊದಲ ವರ್ಷದವರಿಗೆ ಗಣಿತ ಹೇಳಿಕೊಡುತ್ತಿದ್ದೆ. ಆ ನಾಲ್ಕು ಹಂತಕ್ಕೂ ಒಂದೊಂದು ದಿಕ್ಕು: ಪೂರ್ವಕ್ಕೆ ನಿತ್ಸಾಹಾಕೇಸ್ (ಯೋಚನೆ), ದಕ್ಷಿಣಕ್ಕೆ ನಹತಾ (ಯೋಜನೆ), ಪಶ್ಚಿಮಕ್ಕೆ ಈನಾ (ಬಾಳು), ಉತ್ತರಕ್ಕೆ ಸಿಹಸಿನ್ (ಹಿಂತಿರುಗಿ ನೋಡುವುದು) ಅಂತ ಓದಿಕೊಂಡಿದ್ದೆ. ನವಾಹೋ ಮಕ್ಕಳಿಗೆ ಅನುಕೂಲವಾಗಲಿ ಅಂತ ಪ್ರಿಂಟ್ ಕೂಡ ತೆಗೆದಿಟ್ಟಿದ್ದೆ.

ಆ ಹುಡುಗ ಬಂದ. ಟೋಪಿ ತೆಗೆದು ಮಂಡಿ ಮೇಲಿಟ್ಟುಕೊಂಡ. ತನ್ನ ಭಾಷೆಯಲ್ಲಿ ಒಂದು ಮಾತು, ಅದನ್ನೇ ಇಂಗ್ಲಿಷಿನಲ್ಲಿ ಇನ್ನೊಂದು ಸಲ. ತಾಯಿಯ ಕುಲ ಹೇಳಿದ. ತಂದೆಯ ಕುಲ ಹೇಳಿದ. ನಾನು ಗಡಿಯಾರ ನೋಡಿದೆ. ಇದ್ದದ್ದೇ ಅರ್ಧ ಗಂಟೆ. 'ಸರಿ ಸರಿ, ಯಾವ ಚಾಪ್ಟರ್?' ಅಂದು ಹಾಳೆಯನ್ನು ಅವನತ್ತ ತಳ್ಳಿದೆ.

ಅವನು ಟೋಪಿ ಮತ್ತೆ ಹಾಕಿಕೊಂಡ. ಮೂರು ವಾರ ಬಂದ, ಕೇಳಿದ್ದಕ್ಕೆಲ್ಲ ಹೂಂ ಅಂದ. ಆಮೇಲೆ ಬರಲಿಲ್ಲ. ಕಾಲೇಜೇ ಬಿಟ್ಟ ಅಂತ ತಡವಾಗಿ ತಿಳಿಯಿತು. ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ನನ್ನ ತಪ್ಪು ನನ್ನದೇ.

ಆ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದಿನೆ ಪರಿಚಯದಲ್ಲಿ ನಾಲ್ಕು ಕುಲ ಬರುತ್ತವೆ: ತಾಯಿಯದು, ತಂದೆಯದು, ತಾಯಿಯ ತಂದೆಯದು, ತಂದೆಯ ತಂದೆಯದು. ಕೇಳಿಸಿಕೊಂಡವರ ಕುಲ ಅದರಲ್ಲೊಂದಕ್ಕೆ ಹೊಂದಿದರೆ ಗುರುತೇ ಇಲ್ಲದವನೂ ತಮ್ಮನಾಗುತ್ತಾನೆ, ಮಾವನಾಗುತ್ತಾನೆ. ಈ ನಂಟಿಗೆ ಅವರು ಕೆ ಅನ್ನುತ್ತಾರೆ. ನಮ್ಮ ಊರಲ್ಲೂ ಬೆಲ್ಲ ನೀರು ಕೊಟ್ಟು ಅಜ್ಜಿ ಕೇಳುವ ಮೊದಲ ಮಾತು 'ಯಾರ ಮಗ ನೀನು?' ಅಂತಲೇ ಅಲ್ವಾ? ನಾನು ಅದನ್ನು ಪಾಠಕ್ಕೆ ಮುಂಚಿನ ಔಪಚಾರಿಕತೆ ಅಂದುಕೊಂಡೆ. ಅವನು ಆಗಲೇ ಪೂರ್ವದಲ್ಲಿದ್ದ, ಅಂದರೆ ಮೊದಲ ಹಂತದಲ್ಲಿ. ತಾನು ಯಾರು, ಯಾರ ಪರವಾಗಿ ಓದಲು ಬಂದಿದ್ದೇನೆ ಅನ್ನುವುದೇ ಅವನ ನಿತ್ಸಾಹಾಕೇಸ್. ಅದನ್ನು ಅರ್ಧಕ್ಕೆ ನಿಲ್ಲಿಸಿ, ಅದೇ ಪದ ಅಚ್ಚಾಗಿದ್ದ ಹಾಳೆಯನ್ನು ಕೈಗೆ ಕೊಟ್ಟೆ. ಹಿಂದೆ ಅಮೆರಿಕದ ವಸತಿ ಶಾಲೆಗಳಲ್ಲಿ ನವಾಹೋ ಭಾಷೆ ಆಡಿದ ಮಕ್ಕಳಿಗೆ ಶಿಕ್ಷೆ ಕೊಡುತ್ತಿದ್ದರು. ಮೇಜಿನ ಈಚೆ ಕೂತು ನಾನೂ ಅವನ ಬಾಯಿ ಮುಚ್ಚಿಸಿದ್ದೆ.

ಮುಂದಿನ ಬೇಸಿಗೆಯಲ್ಲಿ ಅರಿಜೋನಾದಲ್ಲೇ ಇರುವ ತ್ಸೇಲಿ ಅನ್ನುವ ಊರಿಗೆ ಹೋದೆ. ಅಲ್ಲಿರುವುದು ದಿನೆ ಕಾಲೇಜು. 1968ರಲ್ಲಿ ನವಾಹೋ ಕಮ್ಯುನಿಟಿ ಕಾಲೇಜ್ ಅನ್ನುವ ಹೆಸರಲ್ಲಿ ಶುರುವಾಗಿದ್ದು, ಅಮೆರಿಕದಲ್ಲಿ ಬುಡಕಟ್ಟಿನವರೇ ಕಟ್ಟಿ ನಡೆಸಿದ ಮೊದಲ ಕಾಲೇಜು. ಕ್ಯಾಂಪಸ್ ದುಂಡಗಿದೆ. ಅಲ್ಲಿನ ಗಾಜಿನ ಕಟ್ಟಡ ಅವರ ಮನೆ ಹೋಗನ್‌ನ ಆಕಾರದ್ದು. ಹೋಗನ್‌ನ ಬಾಗಿಲು ಪೂರ್ವಕ್ಕೆ. ಒಳಗೆ ಸೂರ್ಯ ಸುತ್ತುವ ಹಾಗೆ ಸುತ್ತಿ ನಡೆಯಬೇಕು. ಉತ್ತರ ಮುಗಿದರೆ ಮತ್ತೆ ಪೂರ್ವ. ಟಿಕ್ ಹಾಕಿ ಮುಗಿಸುವ ಕಾಲಂ ಅಲ್ಲವೇ ಅಲ್ಲ ಅದು. ಎಲ್ಲವನ್ನೂ ಹಿಡಿದಿಟ್ಟಿರುವುದು ಹೊಝೊ. ಚೆಲುವು, ಸಮತೋಲ, ಸುತ್ತಲಿನವರ ಜೊತೆಗಿನ ಹೊಂದಿಕೆ ಎಲ್ಲ ಸೇರಿದ ಮಾತು ಅದು.

ಹಾಗಾಗಿ ಟೈಮ್‌ಟೇಬಲ್ ಬೇಡ. ಮಾರ್ಕ್ಸ್ ಬೇಕಿದ್ದರೆ ಹಳೇ ಪ್ರಶ್ನೆಪತ್ರಿಕೆ ಬಿಡಿಸಿ, ಅದಕ್ಕೆ ಇನ್ನೊಬ್ಬರ ಬೆಟ್ಟಗಳನ್ನು ಎಳೆದು ತರಬೇಕಿಲ್ಲ. ಇದನ್ನು ನಿಜವಾಗಿ ತಿಳಿಯಬೇಕು ಅಂತಿದ್ದರೆ ಮೊದಲು ಯಾರ ದುಡ್ಡಲ್ಲಿ, ಯಾರ ಆಸೆಯ ಮೇಲೆ, ಯಾರಿಗಾಗಿ ಓದುತ್ತಿದ್ದೀರಿ ಅಂತ ಮನೆಯವರ ಜೊತೆ ಕೂತು ಮಾತಾಡಿ. ಅವಸರ ಮಾಡಬೇಡಿ.

ಮರುವರ್ಷ ಇನ್ನೊಬ್ಬಳು ನವಾಹೋ ಹುಡುಗಿ ಬಂದಳು. ಲ್ಯಾಪ್‌ಟಾಪ್ ಮುಚ್ಚಿದೆ. ನಾಲ್ಕೂ ಕುಲ ಹೇಳಿ ಮುಗಿಸಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಅವಳು ನನ್ನ ಕಡೆ ನೋಡಿದಳು. ನಾನೂ ಅಮ್ಮನ ಊರಿಂದ ಶುರು ಮಾಡಿದೆ.